ನೆರೆಹೊರೆಯ ಕರೆಂಟು: ದಕ್ಷಿಣದ ವಿದ್ಯುತ್ ಜಾಲ ಬೆಳೆದ ಬಗೆ

2012ರ ಜುಲೈ 30ರ ಬೆಳಗಿನ ಜಾವ ಎರಡೂವರೆ ಗಂಟೆಯ ಹೊತ್ತಿಗೆ ದೆಹಲಿ ಸೇರಿದಂತೆ ಉತ್ತರ ಭಾರತದ ರಾಜ್ಯಗಳೆಲ್ಲ ಒಮ್ಮೆಗೇ ಕತ್ತಲಲ್ಲಿ ಮುಳುಗಿದವು. ಕಷ್ಟಪಟ್ಟು ದೀಪ ಹೊತ್ತಿಸಿದ್ದಾಯಿತು ಎನ್ನುವಷ್ಟರಲ್ಲಿ ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಅದೇ ಕಥೆ. ಈ ಬಾರಿ ಉತ್ತರದ ಜೊತೆಗೆ ಪೂರ್ವ ಮತ್ತು ಈಶಾನ್ಯ ರಾಜ್ಯಗಳ ಜಾಲವೂ ಕುಸಿಯಿತು. ರೈಲುಗಳು ನಡುದಾರಿಯಲ್ಲಿ ನಿಂತವು. ಕಲ್ಲಿದ್ದಲು ಗಣಿಗೆ ಇಳಿದಿದ್ದ ಕಾರ್ಮಿಕರು ಮೇಲೆ ಬರಲಾಗದೆ ನೆಲದಡಿಯಲ್ಲೇ ಗಂಟೆಗಟ್ಟಲೆ ಕಾಯಬೇಕಾಯಿತು. ಅರವತ್ತು ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶಕ್ಕೆ ಆ ದಿನ ವಿದ್ಯುತ್ ಇರಲಿಲ್ಲ.

ಅದೇ ಮಧ್ಯಾಹ್ನ ಬೆಂಗಳೂರು, ಚೆನ್ನೈ, ಹೈದರಾಬಾದ್, ತಿರುವನಂತಪುರಗಳಲ್ಲಿ, ಎಂದಿನ ಲೋಡ್ ಶೆಡ್ಡಿಂಗ್ ಬಿಟ್ಟರೆ, ಯಾವ ಅನಾಹುತವೂ ಆಗಲಿಲ್ಲ. ಕಾರಣ ಸರಳ. ದೇಶದ ಉಳಿದ ನಾಲ್ಕು ಪ್ರಾದೇಶಿಕ ಜಾಲಗಳು 2006ರ ಹೊತ್ತಿಗೆ ಒಂದಾಗಿದ್ದವು. ದಕ್ಷಿಣ ಮಾತ್ರ ಬೇರೆಯಾಗಿಯೇ ಉಳಿದಿತ್ತು. ಉತ್ತರದ ಬಿರುಗಾಳಿ ಈ ದ್ವೀಪವನ್ನು ತಟ್ಟಲಿಲ್ಲ.

ಆದರೆ ಇದಾದ ಒಂದೂವರೆ ವರ್ಷದೊಳಗೆ, 2013ರ ಡಿಸೆಂಬರ್ 31ರಂದು, ದಕ್ಷಿಣದ ಜಾಲ ತಾನಾಗಿಯೇ ಉಳಿದ ಭಾರತದ ಜಾಲದೊಡನೆ ಬೆಸೆದುಕೊಂಡಿತು. ಕಣ್ಣೆದುರೇ ಕುಸಿದ ಮನೆಗೆ ತನ್ನ ಮನೆಯ ತೊಲೆಯನ್ನು ಯಾರಾದರೂ ಕಟ್ಟುತ್ತಾರೆಯೇ? ದಕ್ಷಿಣದ ರಾಜ್ಯಗಳು ಕಟ್ಟಿದವು, ಅದೂ ಅವಸರದಿಂದಲೇ. ಏಕೆಂಬುದನ್ನು ತಿಳಿಯಲು ಅರ್ಧ ಶತಮಾನದ ಕಥೆಯನ್ನು ತಿರುವಿ ನೋಡಬೇಕು. ತಂತಿ ಎಳೆಯುವುದು ಈ ಕಥೆಯ ಸುಲಭದ ಭಾಗ. ತಂತಿಯ ಮೇಲೆ ಹರಿಯುವುದನ್ನು ನೆರೆಹೊರೆಯವರೊಡನೆ ನ್ಯಾಯವಾಗಿ ಹಂಚಿಕೊಳ್ಳುವುದನ್ನು ಕಲಿಯಲು ಹೆಚ್ಚು ಕಾಲ ಹಿಡಿಯಿತು.

ಎಲ್ಲರಿಗೂ ಒಂದೇ ಲಯ

ವಿದ್ಯುತ್ತನ್ನು ರಾಗಿ, ಭತ್ತದಂತೆ ಕಣಜದಲ್ಲಿ ತುಂಬಿಡಲು ಬಾರದು. ಬ್ಯಾಟರಿಗಳಲ್ಲಿ ಸ್ವಲ್ಪ ಕೂಡಿಡಬಹುದಾದರೂ ಒಂದು ರಾಜ್ಯಕ್ಕೆ ಬೇಕಾದಷ್ಟನ್ನು ಹಾಗೆ ಶೇಖರಿಸುವುದು ಇನ್ನೂ ಕೈಗೆಟುಕಿಲ್ಲ. ಹೀಗಾಗಿ ಯಾವ ಕ್ಷಣದಲ್ಲಿ ಎಷ್ಟು ಖರ್ಚಾಗುತ್ತದೆಯೋ ಅದೇ ಕ್ಷಣದಲ್ಲಿ ಅಷ್ಟೇ ಉತ್ಪಾದನೆಯಾಗಬೇಕು.

ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ, ಒಂದು ಲಿಂಗನಮಕ್ಕಿಯ ನೀರಿನಿಂದ ತಿರುಗುತ್ತಿರಲಿ, ಇನ್ನೊಂದು ರಾಮಗುಂಡಂನ ಕಲ್ಲಿದ್ದಲಿನಿಂದ ತಿರುಗುತ್ತಿರಲಿ, ಒಂದೇ ಲಯದಲ್ಲಿ ತಿರುಗುತ್ತವೆ. ಭಾರತದಲ್ಲಿ ಆ ಲಯ ಸೆಕೆಂಡಿಗೆ 50 ಆವರ್ತ. ಎಂಜಿನಿಯರುಗಳು ಇದನ್ನೇ ಫ್ರೀಕ್ವೆನ್ಸಿ ಎನ್ನುತ್ತಾರೆ. ಉತ್ಪಾದನೆಗಿಂತ ಬೇಡಿಕೆ ಹೆಚ್ಚಾದರೆ ಎಲ್ಲ ಯಂತ್ರಗಳೂ ಒಟ್ಟಿಗೆ ನಿಧಾನವಾಗುತ್ತವೆ. ಬೇಡಿಕೆ ತಗ್ಗಿದರೆ ಒಟ್ಟಿಗೆ ವೇಗ ಪಡೆಯುತ್ತವೆ. ಏರು ಹತ್ತುವಾಗ ಏದುಸಿರು ಬಿಡುವ ಎತ್ತಿನ ಜೋಡಿಯಂತೆ.

ಈ ಲಯ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ. ತಮಿಳುನಾಡಿನಲ್ಲಿ ಮಿತಿಮೀರಿ ಪಂಪ್‌ಸೆಟ್‌ಗಳು ಓಡಿದರೆ ಧಾರವಾಡದ ಫ್ಯಾನೂ ನಿಧಾನವಾಗುತ್ತದೆ. ಫ್ರೀಕ್ವೆನ್ಸಿ ತೀರಾ ಕುಸಿದರೆ ಟರ್ಬೈನಿನ ಅಲಗುಗಳಿಗೆ ಅಪಾಯ. ಆಗ ಯಂತ್ರಗಳು ತಮ್ಮನ್ನು ತಾವೇ ಕಾಪಾಡಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತವೆ. ಒಂದು ಕಳಚಿಕೊಂಡರೆ ಉಳಿದವುಗಳ ಮೇಲೆ ಭಾರ ಹೆಚ್ಚಿ ಇನ್ನೊಂದು ಕಳಚಿಕೊಳ್ಳುತ್ತದೆ. ಇಡೀ ಜಾಲ ಕುಸಿಯುವುದು ಹೀಗೆಯೇ.

ಶಿವನಸಮುದ್ರದಿಂದ ಮಂಡಳಿಯವರೆಗೆ

ವಿದ್ಯುತ್ತನ್ನು ದೂರಕ್ಕೆ ಸಾಗಿಸುವ ಸಾಹಸ ಕನ್ನಡ ನಾಡಿಗೆ ಹೊಸದಲ್ಲ. 1902ರ ಜೂನ್‌ನಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡು, ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್ ಅವರ ನೇತೃತ್ವದಲ್ಲಿ ಮುಗಿದ ಆ ಮಾರ್ಗ ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆ ಮೇಲೆ, 1905ರಲ್ಲಿ.

ಸ್ವಾತಂತ್ರ್ಯಾನಂತರ 1948ರ ವಿದ್ಯುತ್ ಸರಬರಾಜು ಕಾಯಿದೆಯ ಪ್ರಕಾರ ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳು ಹುಟ್ಟಿದವು. ಮೈಸೂರು, ಮದರಾಸು, ಕೇರಳಗಳ ಮಂಡಳಿಗಳು 1957ರಲ್ಲಿ, ಆಂಧ್ರದ ಮಂಡಳಿ 1959ರಲ್ಲಿ ಆರಂಭವಾದವು. ಪ್ರತಿ ಮಂಡಳಿಯೂ ತನ್ನ ಗಡಿಯೊಳಗೆ ತಂತಿ ಎಳೆಯಿತು. ಆದರೆ ನಿಸರ್ಗ ತನ್ನ ಸಂಪತ್ತನ್ನು ರಾಜ್ಯಗಳ ಗಡಿ ನೋಡಿ ಹಂಚಿರಲಿಲ್ಲ. ಕರ್ನಾಟಕ, ಕೇರಳಗಳ ನದಿಗಳಿಗೆ ಜೂನ್‌ನಲ್ಲಿ ಮಳೆ. ತಮಿಳುನಾಡಿಗೆ ಅಕ್ಟೋಬರ್ ಕಳೆದ ಮೇಲೆ. ನೈವೇಲಿಯಲ್ಲಿ ಲಿಗ್ನೈಟ್, ಗೋದಾವರಿ ದಂಡೆಯಲ್ಲಿ ಕಲ್ಲಿದ್ದಲು. ಒಬ್ಬರಲ್ಲಿ ಸಮೃದ್ಧಿ ಇರುವಾಗ ಇನ್ನೊಬ್ಬರಲ್ಲಿ ಕೊರತೆ. ಕೊಟ್ಟು ತೆಗೆದುಕೊಂಡರೆ ಎಲ್ಲರಿಗೂ ಲಾಭ.

ಹಳ್ಳಿಗಳಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಪದ್ಧತಿ ಇದೆಯಲ್ಲ, ಇಂದು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಅದರ ಹಿಂದಿರುವ ವಿವೇಕವೇ ಇದು. ಇದೇ ಆಲೋಚನೆಯಿಂದ ಕೇಂದ್ರ ಸರ್ಕಾರ 1964ರಲ್ಲಿ ದೇಶವನ್ನು ಐದು ವಿದ್ಯುತ್ ಪ್ರದೇಶಗಳನ್ನಾಗಿ ವಿಂಗಡಿಸಿ, ಒಂದೊಂದಕ್ಕೂ ಪ್ರಾದೇಶಿಕ ವಿದ್ಯುತ್ ಮಂಡಳಿಯನ್ನು ರಚಿಸಿತು. ದಕ್ಷಿಣ ಪ್ರದೇಶದ ಮಂಡಳಿಗೆ ಬೆಂಗಳೂರೇ ಕೇಂದ್ರ. ನಗರದ ರೇಸ್‌ಕೋರ್ಸ್ ಕ್ರಾಸ್ ರಸ್ತೆಯಲ್ಲಿ ಅದರ ವಾರಸುದಾರ ಸಂಸ್ಥೆಗಳು ಇಂದಿಗೂ ಕೆಲಸ ಮಾಡುತ್ತಿವೆ.

ಮಂಡಳಿಯ ಕೆಲಸ ಹೆಸರಿನಷ್ಟು ದೊಡ್ಡದಾಗಿ ಕಾಣುವಂಥದ್ದಲ್ಲ. ಯಾವ ಸ್ಥಾವರವನ್ನು ಯಾವ ತಿಂಗಳು ದುರಸ್ತಿಗೆ ನಿಲ್ಲಿಸಬೇಕು, ಯಾರು ಯಾರಿಗೆ ಎಷ್ಟು ಕೊಟ್ಟರು, ಬಾಕಿ ಎಷ್ಟು ಎಂದು ರಾಜ್ಯಗಳ ಎಂಜಿನಿಯರುಗಳು ಕುಳಿತು ಲೆಕ್ಕ ಹಾಕುತ್ತಿದ್ದರು. ನಿರ್ಧಾರಗಳೆಲ್ಲ ಒಮ್ಮತದಿಂದ ಆಗಬೇಕಿತ್ತು. ಗಳಿಗೆ ಗಳಿಗೆಗೆ ಜಾಲದ ಮೇಲೆ ಕಣ್ಣಿಡುವ ಹೊಣೆ ಪ್ರಾದೇಶಿಕ ಭಾರ ನಿರ್ವಹಣಾ ಕೇಂದ್ರದ್ದು. ಎಂಜಿನಿಯರುಗಳ ಬಾಯಲ್ಲಿ ‘ಲೋಡ್ ಡಿಸ್ಪ್ಯಾಚ್ ಸೆಂಟರ್’.

ಕೇಂದ್ರದ ಯಜಮಾನಿಕೆ

1975ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಉಷ್ಣ ವಿದ್ಯುತ್ ನಿಗಮವನ್ನು (ಎನ್‌ಟಿಪಿಸಿ) ಸ್ಥಾಪಿಸಿದ ಮೇಲೆ ಚಿತ್ರ ಬದಲಾಯಿತು. ಗಣಿಯ ಬಾಯಲ್ಲೇ ಭಾರೀ ಸ್ಥಾವರ ಕಟ್ಟಿ, ಹಲವು ರಾಜ್ಯಗಳಿಗೆ ವಿದ್ಯುತ್ ಹಂಚುವುದು ಅದರ ಉದ್ದೇಶ. ದಕ್ಷಿಣದಲ್ಲಿ ರಾಮಗುಂಡಂ ಸ್ಥಾವರದ ಮೊದಲ ಘಟಕ 1983ರಲ್ಲಿ ಶುರುವಾಯಿತು. ಅಲ್ಲಿನ ವಿದ್ಯುತ್ತಿನಲ್ಲಿ ದಕ್ಷಿಣದ ಪ್ರತಿ ರಾಜ್ಯಕ್ಕೂ ಪಾಲು ನಿಗದಿಯಾಯಿತು. ಇಂಥ ಕೇಂದ್ರ ಸ್ಥಾವರಗಳ ಉತ್ಪಾದನೆಯಲ್ಲಿ ಶೇಕಡಾ 15ರಷ್ಟನ್ನು ಯಾರಿಗೂ ಹಂಚದೆ, ತುರ್ತಿಗೆಂದು ಕೇಂದ್ರ ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತು.

ಹೀಗಾಗಿ ರಾಜ್ಯದಿಂದ ರಾಜ್ಯಕ್ಕೆ 400 ಕಿಲೋವೋಲ್ಟ್ ಮಾರ್ಗಗಳು ಬೇಕಾದವು. ಅವುಗಳನ್ನೆಲ್ಲ ಒಂದೇ ಸೂರಿನಡಿ ತರಲು 1989ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ವಿದ್ಯುತ್ ಪ್ರಸರಣ ನಿಗಮ ಹುಟ್ಟಿತು. 1992ರಲ್ಲಿ ಅದಕ್ಕೆ ಪವರ್ ಗ್ರಿಡ್ ಕಾರ್ಪೊರೇಷನ್ ಎಂಬ ಈಗಿನ ಹೆಸರು ಬಂತು. 1994ರಿಂದ 1996ರ ನಡುವೆ ಐದೂ ಪ್ರದೇಶಗಳ ಭಾರ ನಿರ್ವಹಣಾ ಕೇಂದ್ರಗಳು ಅದರ ವಶಕ್ಕೆ ಬಂದವು.

ಯಾರೂ ಕೇಳದ ಸೂಚನೆ

ಸಂಸ್ಥೆಗಳು ಬಂದವು, ತಂತಿಗಳೂ ಬಂದವು. ಶಿಸ್ತು ಮಾತ್ರ ಬರಲಿಲ್ಲ. 1990ರ ದಶಕದಲ್ಲಿ ದಕ್ಷಿಣದ ಜಾಲ 50ರ ಲಯವನ್ನು ಮರೆತೇಬಿಟ್ಟಿತ್ತು. ಸಂಜೆಯ ಹೊತ್ತು ಫ್ರೀಕ್ವೆನ್ಸಿ 48ರ ಆಸುಪಾಸಿನಲ್ಲಿ ತೆವಳುವುದು ಮಾಮೂಲಾಗಿತ್ತು. ಮಂದ ಬಲ್ಬು, ಸುಟ್ಟ ಪಂಪ್‌ಸೆಟ್ ಮೋಟಾರು, ನಿಧಾನಕ್ಕೆ ತಿರುಗುವ ಫ್ಯಾನು ಆ ಕಾಲದವರಿಗೆ ಚೆನ್ನಾಗಿ ನೆನಪಿವೆ.

ಇದಕ್ಕೆ ಕೊರತೆಯೊಂದೇ ಕಾರಣವಲ್ಲ. ಒಂದು ರಾಜ್ಯ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡರೆ ಅದಕ್ಕೆ ಆಗುತ್ತಿದ್ದ ನಷ್ಟ ಏನೂ ಇರಲಿಲ್ಲ. ಯೂನಿಟ್ಟಿನ ದರ ಎಲ್ಲ ಹೊತ್ತಿನಲ್ಲೂ ಒಂದೇ. ಕೊರತೆಯ ಸಂಜೆ ಎಳೆದರೂ ಅದೇ ಬೆಲೆ, ಬೇಡಿಕೆಯಿಲ್ಲದ ನಡುರಾತ್ರಿ ಎಳೆದರೂ ಅದೇ ಬೆಲೆ. ಬೆಂಗಳೂರಿನ ಕೇಂದ್ರದಿಂದ ‘ನಿಮ್ಮ ಎಳೆತ ತಗ್ಗಿಸಿ’ ಎಂದು ಫೋನಿನಲ್ಲಿ ಸೂಚನೆ ಹೋಗುತ್ತಿತ್ತು. ತಗ್ಗಿಸುವುದೆಂದರೆ ತನ್ನ ಊರುಗಳ ಕರೆಂಟು ತೆಗೆಯುವುದು. ತನ್ನ ಮತದಾರರನ್ನು ಕತ್ತಲಲ್ಲಿಟ್ಟು ನೆರೆರಾಜ್ಯದ ಲಯ ಕಾಪಾಡಲು ಯಾವ ಸರ್ಕಾರಕ್ಕೂ ಮನಸ್ಸಿರಲಿಲ್ಲ. ತಾನೊಬ್ಬ ತಗ್ಗಿಸಿದರೆ ಉಳಿದದ್ದನ್ನು ಪಕ್ಕದವರು ಎಳೆದುಕೊಳ್ಳುತ್ತಾರೆಂಬ ಅನುಮಾನ ಬೇರೆ. ಮುಯ್ಯಾಳಿಗೆ ಬಂದವರೆಲ್ಲ ಊಟಕ್ಕೆ ಮಾತ್ರ ಕುಳಿತಂತೆ ಆಗಿತ್ತು ಪರಿಸ್ಥಿತಿ.

ಬೆಲೆ ಕಲಿಸಿದ ಪಾಠ

ಒಮ್ಮತ, ಸೂಚನೆ, ಮನವಿಗಳು ಸೋತ ಕಡೆ ಒಂದು ಮೀಟರು ಗೆದ್ದಿತು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2000ದ ಜನವರಿಯಲ್ಲಿ ಹೊಸ ದರ ಪದ್ಧತಿಯೊಂದಕ್ಕೆ ಆದೇಶ ಹೊರಡಿಸಿತು. ‘ಲಭ್ಯತೆ ಆಧಾರಿತ ದರ’ ಎಂದು ಅದರ ಹೆಸರು. ದಕ್ಷಿಣದಲ್ಲಿ ಅದು ಜಾರಿಗೆ ಬಂದದ್ದು 2003ರ ಜನವರಿ 1ರಂದು.

ಅದರ ವಿಧಾನ ಹೀಗಿತ್ತು. ದಿನವನ್ನು 15 ನಿಮಿಷಗಳ 96 ತುಂಡುಗಳನ್ನಾಗಿ ಮಾಡಲಾಯಿತು. ಪ್ರತಿ ತುಂಡಿನಲ್ಲಿ ಯಾವ ರಾಜ್ಯ ಎಷ್ಟು ಎಳೆಯಬೇಕು, ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕು ಎಂಬುದು ಹಿಂದಿನ ದಿನವೇ ನಿಗದಿ. ನಿಗದಿಗಿಂತ ಹೆಚ್ಚು ಎಳೆದರೆ ಅದಕ್ಕೆ ಬೇರೆ ದರ, ಮತ್ತು ಆ ದರ ಆ ಗಳಿಗೆಯ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿತ್ತು. ಫ್ರೀಕ್ವೆನ್ಸಿ 50.5 ಮುಟ್ಟಿದರೆ ದರ ಸೊನ್ನೆ. ಅದು ಇಳಿಯುತ್ತ ಹೋದಂತೆ ದರ ಏರುತ್ತ ಹೋಗುತ್ತಿತ್ತು. 49ಕ್ಕಿಂತ ಕೆಳಗಿಳಿದರೆ ಗರಿಷ್ಠ ದರ.

ಉದಾಹರಣೆಗೆ, ಒಂದು ರಾಜ್ಯಕ್ಕೆ 1000 ಮೆಗಾವಾಟ್ ನಿಗದಿಯಾಗಿದ್ದು ಅದು 1100 ಎಳೆದಿತೆನ್ನಿ. ಜಾಲ ಆರಾಮವಾಗಿರುವಾಗ ಎಳೆದಿದ್ದರೆ ಹೆಚ್ಚುವರಿ 100 ಮೆಗಾವಾಟ್ ಅಗ್ಗ. ಜಾಲ ಏದುಸಿರು ಬಿಡುತ್ತಿರುವಾಗ ಎಳೆದಿದ್ದರೆ ದುಬಾರಿ. ಅದೇ ಹೊತ್ತಿನಲ್ಲಿ ತನ್ನ ಪಾಲಿಗಿಂತ ಕಡಿಮೆ ಎಳೆದ ರಾಜ್ಯಕ್ಕೆ ಅದೇ ದರದಲ್ಲಿ ಹಣ ಜಮೆ. ಲೆಕ್ಕ ವಾರಕ್ಕೊಮ್ಮೆ. ಯಾರೂ ಯಾರನ್ನೂ ಬೇಡಿಕೊಳ್ಳಬೇಕಿಲ್ಲ. ಗೋಡೆಯ ಮೇಲಿನ ಫ್ರೀಕ್ವೆನ್ಸಿ ಮೀಟರನ್ನು ನೋಡಿದರೆ ಎಳೆಯಬೇಕೋ ಬಿಡಬೇಕೋ ಎಂಬುದು ಪ್ರತಿಯೊಬ್ಬರಿಗೂ ತಿಳಿಯುತ್ತಿತ್ತು.

ಪರಿಣಾಮ ಬೇಗನೆ ಕಂಡಿತು. ದಕ್ಷಿಣದ ಫ್ರೀಕ್ವೆನ್ಸಿ 49ರಿಂದ 50.5ರ ಮಿತಿಯೊಳಗೆ ಬಂತು. ಕೊರತೆ ಮಾಯವಾಗಲಿಲ್ಲ, ಆದರೆ ಕೊರತೆಗೊಂದು ಬೆಲೆ ಬಂತು. ಅದೇ ವರ್ಷದ ವಿದ್ಯುತ್ ಕಾಯಿದೆ ಭಾರ ನಿರ್ವಹಣಾ ಕೇಂದ್ರದ ಸೂಚನೆ ಮೀರಿದವರಿಗೆ ದಂಡದ ವ್ಯವಸ್ಥೆ ಮಾಡಿತು. ಹಳೆಯ ಪ್ರಾದೇಶಿಕ ಮಂಡಳಿಗಳ ಜಾಗಕ್ಕೆ ಪ್ರಾದೇಶಿಕ ವಿದ್ಯುತ್ ಸಮಿತಿಗಳು ಬಂದವು.

ದ್ವೀಪಕ್ಕೆ ಸೇತುವೆ

ಶಿಸ್ತು ಬಂದರೂ ದಕ್ಷಿಣದ ಬಡತನ ಹೋಗಲಿಲ್ಲ. ದೇಶದ ಕಲ್ಲಿದ್ದಲಿನ ಬಹುಪಾಲು ಇರುವುದು ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್‌ಗಳಲ್ಲಿ. ಅಲ್ಲಿಂದ ಕಲ್ಲಿದ್ದಲನ್ನು ರೈಲಿನಲ್ಲಿ ತರುವ ಬದಲು ತಂತಿಯಲ್ಲಿ ವಿದ್ಯುತ್ತನ್ನೇ ತರಬಹುದು. ಆದರೆ ಬೇರೆ ಬೇರೆ ಲಯದಲ್ಲಿ ತಿರುಗುವ ಎರಡು ಜಾಲಗಳನ್ನು ಸಾಮಾನ್ಯ ಎ.ಸಿ. ತಂತಿಯಿಂದ ಜೋಡಿಸುವಂತಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಡಿ.ಸಿ. ಮಾರ್ಗ. ಒಂದು ಕಡೆ ಎ.ಸಿ.ಯನ್ನು ಡಿ.ಸಿ.ಯಾಗಿ ಪರಿವರ್ತಿಸಿ, ಇನ್ನೊಂದು ಕಡೆ ಮತ್ತೆ ಎ.ಸಿ. ಮಾಡಿದರೆ ಎರಡು ಜಾಲಗಳ ಲಯ ಕೂಡಬೇಕಾದ ಅಗತ್ಯವೇ ಇಲ್ಲ. ಎಷ್ಟು ಬೇಕೋ ಅಷ್ಟನ್ನೇ ಅಳೆದು ಹರಿಸಬಹುದು. ಆಚೆ ಕಡೆಯ ಏರುಪೇರು ಈಚೆ ಹರಡುವುದೂ ಕಡಿಮೆ. ಮಹಾರಾಷ್ಟ್ರದ ಚಂದ್ರಾಪುರದ ಬಳಿಯ ಭದ್ರಾವತಿಯಲ್ಲಿ, ವಿಶಾಖಪಟ್ಟಣದ ಗಾಜುವಾಕದಲ್ಲಿ 1990ರ ದಶಕದ ಕೊನೆಗೆ ಇಂಥ ಪರಿವರ್ತನಾ ಕೇಂದ್ರಗಳು ಎದ್ದವು. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಸುಮಾರು 1370 ಕಿಲೋಮೀಟರ್ ಉದ್ದದ, 2000 ಮೆಗಾವಾಟ್ ಸಾಮರ್ಥ್ಯದ ಡಿ.ಸಿ. ಮಾರ್ಗ ಸಿದ್ಧವಾಯಿತು. ನೂರು ವರ್ಷಗಳ ಹಿಂದೆ ಶಿವನಸಮುದ್ರದ ವಿದ್ಯುತ್ತಿಗಾಗಿ ಕಾದಿದ್ದ ಜಿಲ್ಲೆಯೇ ಈಗ ಇಡೀ ದಕ್ಷಿಣಕ್ಕೆ ಹೆಬ್ಬಾಗಿಲಾಯಿತು. ಚಿನ್ನದ ಗಣಿಗಳು ಮಾತ್ರ 2001ರಲ್ಲೇ ಮುಚ್ಚಿದ್ದವು.

ಈ ಸೇತುವೆಗಳು ಕಿರಿದಾಗಿದ್ದವು. 2008ರಲ್ಲಿ ವಿದ್ಯುತ್ ವಿನಿಮಯ ಮಾರುಕಟ್ಟೆ ತೆರೆದ ಮೇಲೆ ಇದು ಇನ್ನಷ್ಟು ಸ್ಪಷ್ಟವಾಯಿತು. ಉತ್ತರ, ಪಶ್ಚಿಮಗಳಲ್ಲಿ ಅಗ್ಗದ ವಿದ್ಯುತ್ ಕೊಳ್ಳುವವರಿಲ್ಲದೆ ಉಳಿದಿರುವಾಗಲೂ ದಕ್ಷಿಣಕ್ಕೆ ಅದನ್ನು ತರಲು ತಂತಿಯಲ್ಲಿ ಜಾಗವಿರಲಿಲ್ಲ. ಒಂದೇ ಮಾರುಕಟ್ಟೆ, ಒಂದೇ ದಿನ. ದಕ್ಷಿಣಕ್ಕೆ ಮಾತ್ರ ಹೆಚ್ಚು ಬೆಲೆ. 2012ರಲ್ಲಿ ತಮಿಳುನಾಡಿನ ಹಲವು ಊರುಗಳಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ಕರೆಂಟು ಇರಲಿಲ್ಲ. ಕರ್ನಾಟಕದಲ್ಲೂ ಬೇಸಿಗೆ ಬಂತೆಂದರೆ ಲೋಡ್ ಶೆಡ್ಡಿಂಗ್. ದ್ವೀಪದಲ್ಲಿದ್ದ ಕಾರಣಕ್ಕೆ ಜುಲೈನ ಮಹಾ ಕತ್ತಲಿನಿಂದ ಪಾರಾದ ದಕ್ಷಿಣ, ಅದೇ ಕಾರಣಕ್ಕೆ ವರ್ಷವಿಡೀ ಸಣ್ಣ ಸಣ್ಣ ಕತ್ತಲುಗಳನ್ನು ಅನುಭವಿಸುತ್ತಿತ್ತು.

ರಾಯಚೂರಿನಿಂದ ಸೊಲ್ಲಾಪುರಕ್ಕೆ

ಅವಸರಕ್ಕೆ ಕಾರಣ ಇದೇ. ರಾಯಚೂರಿನಿಂದ ಸೊಲ್ಲಾಪುರಕ್ಕೆ ಸುಮಾರು 208 ಕಿಲೋಮೀಟರ್ ಉದ್ದದ 765 ಕಿಲೋವೋಲ್ಟ್ ಮಾರ್ಗವನ್ನು ಪವರ್ ಗ್ರಿಡ್ ನಿರ್ಮಿಸಿತು. ಅದರ ಪಕ್ಕದಲ್ಲೇ ಇನ್ನೊಂದು ಮಾರ್ಗವನ್ನು ಖಾಸಗಿ ಸಂಸ್ಥೆಗಳ ಕೂಟವೊಂದು ಟೆಂಡರ್ ಮೂಲಕ ಪಡೆದು, ನಂತರ ಪೂರ್ಣಗೊಳಿಸಿತು. ಮೊದಲ ಮಾರ್ಗ 2013ರ ಡಿಸೆಂಬರ್ 31ರ ರಾತ್ರಿ ಚಾಲೂ ಆಯಿತು.

ಎರಡು ಜಾಲಗಳನ್ನು ಜೋಡಿಸುವ ಗಳಿಗೆ ಸೂಕ್ಷ್ಮವಾದದ್ದು. ಎರಡೂ ಕಡೆಯ ವೋಲ್ಟೇಜು ಸಮವಾಗಬೇಕು, ಫ್ರೀಕ್ವೆನ್ಸಿ ಸಮವಾಗಬೇಕು, ಅಲೆಗಳ ಏರಿಳಿತ ಒಂದಕ್ಕೊಂದು ಹೊಂದಬೇಕು. ಆಗ ಮಾತ್ರ ಸ್ವಿಚ್ಚು ಹಾಕಬಹುದು. ಚಲಿಸುತ್ತಿರುವ ಎರಡು ರೈಲುಗಳನ್ನು ಒಂದೇ ವೇಗಕ್ಕೆ ತಂದು ಕೊಂಡಿ ಹಾಕಿದ ಹಾಗೆ. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ದೇಶದ ಜಾಲಕ್ಕೆಲ್ಲ ಒಂದೇ ಲಯ.

ಅಂದರೆ 2012ರ ಅಪಾಯವನ್ನು ದಕ್ಷಿಣ ಮರೆತಿತೆಂದಲ್ಲ. ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ ಒಂದು ಮಾರ್ಗ ಕಳಚಿಕೊಂಡದ್ದರಿಂದ ಶುರುವಾಗಿದ್ದ ಆ ಕುಸಿತದ ಹಿಂದೆ, ಉತ್ತರದ ರಾಜ್ಯಗಳು ಪಾಲು ಮೀರಿ ಎಳೆಯುತ್ತಿದ್ದ ಹಳೆಯ ರೋಗವೇ ಇತ್ತು. ಹೀಗಾಗಿ ಬೆಸುಗೆಯ ಜೊತೆಯಲ್ಲೇ ನಿಯಮಗಳೂ ಬಿಗಿಯಾದವು. 2014ರ ಫೆಬ್ರವರಿಯಿಂದ ಫ್ರೀಕ್ವೆನ್ಸಿಯ ಮಿತಿಯನ್ನು 49.90ರಿಂದ 50.05ಕ್ಕೆ ಕಿರಿದುಗೊಳಿಸಲಾಯಿತು. ಒಂದು ದೊಡ್ಡ ಮಾರ್ಗ ತುಂಡಾದರೆ ತಾವಾಗಿಯೇ ಭಾರ ತಗ್ಗಿಸುವ ರಕ್ಷಣಾ ಏರ್ಪಾಡುಗಳು ಬಂದವು. ಭಾರ ನಿರ್ವಹಣಾ ಕೇಂದ್ರಗಳು ತಂತಿಯ ಒಡೆತನವಿರುವ ಪವರ್ ಗ್ರಿಡ್‌ನಿಂದ 2017ರಲ್ಲಿ ಪೂರ್ತಿ ಬೇರ್ಪಟ್ಟವು. ಅವುಗಳನ್ನು ನಡೆಸುವ ಸಂಸ್ಥೆಗೆ 2022ರಲ್ಲಿ ಗ್ರಿಡ್ ಇಂಡಿಯಾ ಎಂಬ ಹೆಸರು ಬಂತು.

ಪರೀಕ್ಷೆಯ ದಿನವೂ ಬಂತು. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ, ಕೊರೊನಾ ಲಾಕ್‌ಡೌನ್ ನಡುವೆ, ಪ್ರಧಾನಿಯ ಕರೆಯಂತೆ ದೇಶದ ಜನ ಒಂಬತ್ತು ನಿಮಿಷ ಮನೆಯ ದೀಪ ಆರಿಸಿದರು. ಬೇಡಿಕೆ 12ರಿಂದ 14 ಸಾವಿರ ಮೆಗಾವಾಟ್ ಇಳಿಯಬಹುದೆಂದು ಅಧಿಕಾರಿಗಳು ಅಂದಾಜು ಮಾಡಿದ್ದರು. ಇಳಿದದ್ದು ಸುಮಾರು 31 ಸಾವಿರ. ಜಲವಿದ್ಯುತ್ ಕೇಂದ್ರಗಳನ್ನು ಸರಸರನೆ ತಗ್ಗಿಸಿ, ಮತ್ತೆ ಏರಿಸಿ ಜಾಲವನ್ನು ಉಳಿಸಿಕೊಳ್ಳಲಾಯಿತು.

ತಂತಿ ಹಾಯುವ ನೆಲ

ಜಾಲ ಹಿಗ್ಗಿದಷ್ಟೂ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಮೊದಲನೆಯದು, ಹಣ ಯಾರು ಕೊಡಬೇಕು? ಹಿಂದೆ ಒಂದು ಪ್ರದೇಶದ ಮಾರ್ಗಗಳ ವೆಚ್ಚವನ್ನು ಆ ಪ್ರದೇಶದ ರಾಜ್ಯಗಳು ಹಂಚಿಕೊಳ್ಳುತ್ತಿದ್ದವು. 2011ರಿಂದ ಯಾರು ಜಾಲದ ಯಾವ ಭಾಗವನ್ನು ಎಷ್ಟು ಬಳಸುತ್ತಾರೆಂಬ ಲೆಕ್ಕ ಸೇರಿಕೊಂಡಿತು. ಎಲ್ಲೋ ದೂರದಲ್ಲಿ ಹಾಯುವ ತಂತಿಗೆ ತಾವೇಕೆ ಹಣ ತೆರಬೇಕು ಎಂಬ ತಕರಾರು ಸಮಿತಿಗಳ ಸಭೆಗಳಲ್ಲಿ ಹೊಸದಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ತಂತಿ ಹಾಯುವ ನೆಲ ಯಾರದು? 400 ಕಿಲೋವೋಲ್ಟ್ ಮಾರ್ಗಕ್ಕೆ ಸುಮಾರು 46 ಮೀಟರ್ ಅಗಲದ ಹಾದಿ ಬೇಕು. ಆ ಹಾದಿಯಲ್ಲಿ ಎತ್ತರದ ಮರ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಮೈಸೂರಿನಿಂದ ಕೇರಳದ ಕೋಯಿಕ್ಕೋಡ್‌ಗೆ ಹೋಗುವ ಮಾರ್ಗಕ್ಕಾಗಿ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದವು. ಕೊಡಗಿನ ಕಾಡು ಕಾವೇರಿಯ ನೀರಿಗೆ ಆಧಾರವೆಂದು ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದರು. ಕೇರಳದೊಳಗೂ ಎಡಮಣ್–ಕೊಚ್ಚಿ ಮಾರ್ಗ ಭೂಮಾಲೀಕರ ವಿರೋಧದಿಂದ ಎಳೆದೆಳೆದು 2019ರಲ್ಲಿ ಮುಗಿಯಿತು. ಕರೆಂಟು ಪಡೆಯುವವರು ಒಂದು ಕಡೆ, ನೆಲ ಬಿಟ್ಟುಕೊಡುವವರು ಇನ್ನೊಂದು ಕಡೆ. ರಾಜ್ಯಗಳ ನಡುವಿನ ಹಂಚಿಕೆಗೆ 15 ನಿಮಿಷದ ಲೆಕ್ಕ ಕಂಡುಹಿಡಿದ ವ್ಯವಸ್ಥೆಗೆ ಈ ಲೆಕ್ಕ ಇನ್ನೂ ಸರಿಯಾಗಿ ಒಲಿದಿಲ್ಲ.

ಮುಯ್ಯಿ ತೀರಿಸುವ ಕಾಲ

ಇಷ್ಟಾಗಿಯೂ ಜಾಲದ ಅಗತ್ಯ ಕಡಿಮೆಯಾಗಿಲ್ಲ, ಹೆಚ್ಚಿದೆ. ಪಾವಗಡದ 2050 ಮೆಗಾವಾಟ್ ಸೌರ ಪಾರ್ಕಿನಲ್ಲಿ ಮಧ್ಯಾಹ್ನ ಬೇಕಾದಷ್ಟು ವಿದ್ಯುತ್. ಸೂರ್ಯ ಮುಳುಗಿದರೆ ಸೊನ್ನೆ. ತಮಿಳುನಾಡಿನ ಗಾಳಿಯಂತ್ರಗಳ ಸುಗ್ಗಿ ಮುಂಗಾರಿನ ತಿಂಗಳುಗಳಲ್ಲಿ. ಇವನ್ನೆಲ್ಲ ಹಿಗ್ಗಿದ ಜಾಲ ಮಾತ್ರ ತಾಳಿಕೊಳ್ಳಬಲ್ಲುದು. 2021ರ ಹೊತ್ತಿಗೆ ಛತ್ತೀಸ್‌ಗಢದ ರಾಯಗಢದಿಂದ ತಮಿಳುನಾಡಿನ ಪುಗಲೂರಿಗೆ 6000 ಮೆಗಾವಾಟ್ ಸಾಮರ್ಥ್ಯದ ಡಿ.ಸಿ. ಮಾರ್ಗ ಬಂತು. ದೇಶದ ಪ್ರದೇಶಗಳ ನಡುವಿನ ಸಾಗಣೆ ಸಾಮರ್ಥ್ಯ ಈಗ 1.10 ಲಕ್ಷ ಮೆಗಾವಾಟ್ ದಾಟಿದೆ.

2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ ಜಲಾಶಯಗಳು ಬರಿದಾದಾಗ ಇದರ ಬೆಲೆ ತಿಳಿಯಿತು. ರಾಜ್ಯ ಆಗ ಉತ್ತರ ಪ್ರದೇಶ, ಪಂಜಾಬ್‌ಗಳೊಡನೆ ವಿದ್ಯುತ್ತಿನ ವಿನಿಮಯ ಒಪ್ಪಂದ ಮಾಡಿಕೊಂಡಿತು. ಚಳಿಗಾಲದಲ್ಲಿ ಅವರ ಬೇಡಿಕೆ ತಗ್ಗಿರುತ್ತದೆ, ಆಗ ಅವರು ಕೊಡುವುದು. ಮಳೆಗಾಲದಲ್ಲಿ ಅವರ ಭತ್ತದ ಗದ್ದೆಗಳಿಗೆ ಪಂಪು ಓಡುವಾಗ ಕರ್ನಾಟಕ ಹಿಂತಿರುಗಿಸುವುದು. ದ್ವೀಪವಾಗಿ ಉಳಿದಿದ್ದ ದಕ್ಷಿಣದಲ್ಲಿ ಈ ಪ್ರಮಾಣದ ಕೊಡುಕೊಳ್ಳುವಿಕೆ ಆಗುವ ಮಾತಾಗಿರಲಿಲ್ಲ.

ಪಂಜಾಬಿನ ಗದ್ದೆಗೂ ಮಂಡ್ಯದ ಮನೆಗೂ ನಡುವೆ ಇಂದು ಇರುವುದು ಹಳೆಯ ಮುಯ್ಯಾಳಿನ ಸಂಬಂಧವೇ. ವ್ಯತ್ಯಾಸವೆಂದರೆ, ಊರಿನ ಮುಯ್ಯಿಯನ್ನು ನೆನಪು ಮತ್ತು ದಾಕ್ಷಿಣ್ಯ ಕಾಯುತ್ತಿದ್ದವು. ಇದನ್ನು ಕಾಯಲು ಮೀಟರು ಬೇಕಾಯಿತು, ಕಾಯಿದೆ ಬೇಕಾಯಿತು, ಹಗಲಿರುಳು ಫ್ರೀಕ್ವೆನ್ಸಿಯ ಮೇಲೆ ಕಣ್ಣಿಟ್ಟು ಕೂರುವ ಎಂಜಿನಿಯರುಗಳು ಬೇಕಾದರು. ಅವರು ಕಣ್ಣಿಟ್ಟಿದ್ದಾರೆ ಎಂಬುದು ಜನರಿಗೆ ನೆನಪಾಗದಿದ್ದರೆ ಆ ದಿನ ಎಲ್ಲವೂ ಸರಿಯಿದೆ ಎಂದರ್ಥ.